ಬಣ್ಣ ಅಡಗಿತೋ, ಅಳಿಯಿತೋ: ಆಂಟಿಆಕ್ಸಿಡೆಂಟ್ ಪರೀಕ್ಷೆಯ ಬಣ್ಣಗಳಿಗೊಂದು ಮಾರ್ಗದರ್ಶಿ

ಸಾಗರದ ನಮ್ಮ ಪ್ರಯೋಗಾಲಯಕ್ಕೆ ಪ್ರಾಜೆಕ್ಟ್ ಕಾಲ ಬಂತೆಂದರೆ ವಿದ್ಯಾರ್ಥಿಗಳ ಚೀಲದಿಂದ ಒಂದಿಲ್ಲೊಂದು ಡಬ್ಬಿ ಹೊರಬರುತ್ತದೆ. ಒಂದರಲ್ಲಿ ಒಣಗಿಸಿದ ಮುರುಗಲು (ಕೋಕಂ) ಸಿಪ್ಪೆ, ಇನ್ನೊಂದರಲ್ಲಿ ನೆಲ್ಲಿಚಟ್ಟು. ತೀರ್ಥಹಳ್ಳಿ ಕಡೆಯವರಾದರೆ ಅಡಿಕೆ ಬೇಯಿಸಿದ ಚೊಗರು. “ಸರ್, ಇದರ ಡಿಪಿಪಿಎಚ್ ನೋಡಬೇಕು” ಎನ್ನುತ್ತಾರೆ. ಮಾದರಿಯ ಆಂಟಿಆಕ್ಸಿಡೆಂಟ್ ಬಲವನ್ನು, ಅಂದರೆ ಉತ್ಕರ್ಷಣ ತಡೆಯುವ ಬಲವನ್ನು, ನೇರಳೆ ಬಣ್ಣ ಇಳಿಯುವುದರಿಂದ ಅಳೆಯುವ ಪರೀಕ್ಷೆ ಅದು. ನೋಡೋಣ. ಆದರೆ ಆ ನೇರಳೆ ಬಣ್ಣ ಯಾವುದರದು, ಅದು ಹಳದಿಗೆ ತಿರುಗುವಾಗ ಒಳಗೆ ನಡೆದದ್ದೇನು ಎಂದು ಕೇಳಿದರೆ ಎಲ್ಲರ ಕಣ್ಣೂ ಕಿಟಕಿಯ ಕಡೆಗೆ ಹೋಗುತ್ತದೆ. ವಿಧಾನದ ಹಾಳೆ ಎಲ್ಲರ ಕೈಯಲ್ಲೂ ಇರುತ್ತದೆ, ಬಣ್ಣದ ಪರಿಚಯ ಮಾತ್ರ ಯಾರಿಗೂ ಇರುವುದಿಲ್ಲ.

ಆ ಪರಿಚಯ ಮಾಡಿಸಲೆಂದೇ ಇದನ್ನು ಬರೆಯುತ್ತಿದ್ದೇನೆ. ಪದವಿ ಕಾಲೇಜಿನಲ್ಲಿ ಸಿಗುವ ಸಲಕರಣೆಗಳಲ್ಲೇ ಎರಡು ದಿನಗಳಲ್ಲಿ ಮುಗಿಯುವ ಕೆಲಸ. ನಿಮ್ಮ ಮುರುಗಲನ್ನು ಮೊದಲ ದಿನ ಡಬ್ಬಿಯಿಂದ ತೆಗೆಯಲೇಬೇಡಿ. ಆ ದಿನ ಬಣ್ಣಗಳಿಗೆ ಮತ್ತು ಉತ್ಕರ್ಷಕಗಳಿಗೆ, ಅಂದರೆ ಬೇರೆ ಅಣುಗಳಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುವ ವಸ್ತುಗಳಿಗೆ, ಮೀಸಲು.

ಮೊದಲು ಎರಡು ಮಾತು

ಬಣ್ಣದ ಅಣುವಿನಲ್ಲಿ ಒಂಟಿ ಬಂಧ, ಜೋಡಿ ಬಂಧಗಳು ಒಂದು ಬಿಟ್ಟೊಂದು ಸಾಲಾಗಿ ಇರುತ್ತವೆ. ಆ ಸಾಲಿನುದ್ದಕ್ಕೂ ಹರಡಿಕೊಂಡ ಎಲೆಕ್ಟ್ರಾನುಗಳೇ ಬೆಳಕನ್ನು ಹೀರುತ್ತವೆ. ಸಾಲು ಕೆಟ್ಟರೆ ಬಣ್ಣ ಹೋಯಿತು. ಆದರೆ ಅದು ಕೆಡುವುದಕ್ಕೆ ಎರಡು ದಾರಿಗಳಿವೆ. ಅಣುವಿಗೆ ಒಂದೋ ಎರಡೋ ಎಲೆಕ್ಟ್ರಾನ್ ಸಿಕ್ಕಿ ಬಂಧಗಳ ಜೋಡಣೆ ಬದಲಾಗಬಹುದು. ಅಸ್ಥಿಪಂಜರ ಹಾಗೆಯೇ ಉಳಿಯುತ್ತದೆ. ಇದನ್ನು ನಾನು ಬಣ್ಣ ‘ಅಡಗುವುದು’ ಎನ್ನುತ್ತೇನೆ. ಇಲ್ಲವೇ ಬಲವಾದ ಉತ್ಕರ್ಷಕವೊಂದು ಅಣುವಿನ ಉಂಗುರಗಳನ್ನೇ ಒಡೆದುಹಾಕಬಹುದು. ಅದು ‘ಅಳಿಯುವುದು’. ಕಣ್ಣಿಗೂ ಬಣ್ಣ ಅಳೆಯುವ ಯಂತ್ರಕ್ಕೂ (ಸ್ಪೆಕ್ಟ್ರೋಫೋಟೋಮೀಟರ್) ಎರಡೂ ಒಂದೇ: ತಿಳಿನೀರು.

ಎರಡನೆಯ ಮಾತು, ದಾಳಿ ಮಾಡುವವರು ಯಾರು ಎಂಬುದು. ನೇರಳೆಯ ಡಿಪಿಪಿಎಚ್ ಮತ್ತು ಹಸಿರಿನ ಎಬಿಟಿಎಸ್ ಪರೀಕ್ಷೆಗಳಲ್ಲಿ ಬಣ್ಣವೇ ಉತ್ಕರ್ಷಕ. ನಿಮ್ಮ ಮಾದರಿ ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ಬಣ್ಣವನ್ನು ಅಡಗಿಸುತ್ತದೆ. ಫ್ಲೋರೆಸೀನ್, ಕೇಸರಿಯ ಕ್ರೋಸಿನ್, ಬೀಟಾ ಕ್ಯಾರೊಟಿನ್ ಬಳಸುವ ಪರೀಕ್ಷೆಗಳಲ್ಲಿ ಬಣ್ಣವು ಬಲಿಪಶು. ಹೊರಗಿನ ಉತ್ಕರ್ಷಕ ಅದನ್ನು ಅಳಿಸಲು ಬರುತ್ತದೆ, ಮಾದರಿ ಅಡ್ಡ ನಿಂತು ಕಾಪಾಡುತ್ತದೆ. ಮೊದಲ ಗುಂಪಿನಲ್ಲಿ ಬಣ್ಣ ಬೇಗ ಹೋದರೆ ಮಾದರಿ ಬಲಶಾಲಿ, ಎರಡನೆಯದರಲ್ಲಿ ಬೇಗ ಹೋದರೆ ದುರ್ಬಲ. ಒಂದೇ ನೋಟಕ್ಕೆ ತದ್ವಿರುದ್ಧ ಅರ್ಥ. ಇಷ್ಟನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡರೆ ವೈವಾದ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕಂತೆ.

ಹೆಜ್ಜೆ 1: ಮೆಥಿಲೀನ್ ಬ್ಲೂ ಜೊತೆ ಅರ್ಧ ಗಂಟೆ

ಸೂಕ್ಷ್ಮದರ್ಶಕದ ಸ್ಲೈಡಿಗೆ ಹಚ್ಚುವ ಮೆಥಿಲೀನ್ ಬ್ಲೂ ಯಾವ ಕಾಲೇಜಿನಲ್ಲೂ ಇರುತ್ತದೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ. 50 ಮಿಲಿಲೀಟರ್ ನೀರಿನಲ್ಲಿ 1 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಕರಗಿಸಿ, ಆರಿದ ಮೇಲೆ 2 ಗ್ರಾಂ ಗ್ಲೂಕೋಸ್ ಮತ್ತು ಕೆಲವು ಹನಿ ನೀಲಿ ಹಾಕಿ ಮುಚ್ಚಳ ಬಿಗಿಯಿರಿ. ಕೆಲವೇ ನಿಮಿಷಗಳಲ್ಲಿ ನೀಲಿ ಮಾಯವಾಗುತ್ತದೆ. ಈಗ ಸೀಸೆಯನ್ನು ಕುಲುಕಿ. ನೀಲಿ ಮರಳುತ್ತದೆ. ಗ್ಲೂಕೋಸ್ ಕೊಟ್ಟ ಎಲೆಕ್ಟ್ರಾನುಗಳಿಂದ ಬಣ್ಣ ಅಡಗಿತ್ತು. ಕುಲುಕಿದಾಗ ಕರಗಿದ ಗಾಳಿಯ ಆಮ್ಲಜನಕ ಆ ಎಲೆಕ್ಟ್ರಾನುಗಳನ್ನು ಕಿತ್ತುಕೊಂಡಿತು.

ಇನ್ನೊಂದು ಪ್ರನಾಳದಲ್ಲಿ ಬರೀ ನೀರಿಗೆ ಅಷ್ಟೇ ನೀಲಿ ಹಾಕಿ, ಬಟ್ಟೆ ಬಿಳುಪಿಸುವ ಬ್ಲೀಚ್ ದ್ರಾವಣವನ್ನು ಹನಿಹನಿಯಾಗಿ ಬಿಡಿ. ಇಲ್ಲೂ ನೀಲಿ ಹೋಗುತ್ತದೆ. ಕುಲುಕಿ. ಸಂಜೆಯವರೆಗೆ ಕುಲುಕಿದರೂ ಬಾರದು. ಹೈಪೋಕ್ಲೋರೈಟ್ ಆ ಅಣುವನ್ನೇ ಒಡೆದಿದೆ.

ಒಂದು ಎಚ್ಚರಿಕೆ: ಬ್ಲೀಚಿಗೆ ಆಮ್ಲವನ್ನಾಗಲಿ ಅಮೋನಿಯಾವನ್ನಾಗಲಿ ಬೆರೆಸಬೇಡಿ. ಆಮ್ಲ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಮುರುಗಲು, ನಿಂಬೆ ಎರಡೂ ಆಮ್ಲವೇ ಎಂಬುದು ನೆನಪಿರಲಿ.

ಹೆಜ್ಜೆ 2: ಎಬಿಟಿಎಸ್ ಹಸಿರನ್ನು ನೀವೇ ತಯಾರಿಸಿ

ನನಗೆ ಇಷ್ಟವಾದ ಬಣ್ಣ ಇದು. ಡಿಪಿಪಿಎಚ್ ಡಬ್ಬಿಯಲ್ಲೇ ಸಿದ್ಧವಾಗಿ ಬರುತ್ತದೆ. ಎಬಿಟಿಎಸ್‌ನಲ್ಲಿ ಉತ್ಕರ್ಷಕ ಮತ್ತು ಬಣ್ಣದ ಸಂಬಂಧ ನಿಮ್ಮ ಕೈಯಲ್ಲೇ ನಡೆಯುತ್ತದೆ. ಈಗ ಎಲ್ಲರೂ ಬಳಸುವ ಪರ್ಸಲ್ಫೇಟ್ ವಿಧಾನ 1999ರಲ್ಲಿ ಪ್ರಕಟವಾದದ್ದು. ಅದಕ್ಕೂ ಮುಂಚೆ ಮೆಟ್‌ಮಯೊಗ್ಲೋಬಿನ್ ಎಂಬ ಪ್ರೋಟೀನ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಪರೀಕ್ಷೆ ನಡೆಯುವಾಗಲೇ ಬಣ್ಣ ಹುಟ್ಟಿಸುತ್ತಿದ್ದರು. ಅದರಲ್ಲೊಂದು ತೊಡಕಿತ್ತು. ಮಾದರಿ ಹಾಕಿದಾಗ ಬಣ್ಣ ಬಾರದಿದ್ದರೆ, ಹುಟ್ಟಿದ ಬಣ್ಣವನ್ನು ಮಾದರಿ ಅಡಗಿಸಿತೋ, ಹುಟ್ಟಲೇ ಬಿಡಲಿಲ್ಲವೋ ತಿಳಿಯುತ್ತಿರಲಿಲ್ಲ. ಬಣ್ಣವನ್ನು ಮೊದಲೇ ಹುಟ್ಟಿಸಿಟ್ಟುಕೊಂಡರೆ ಆ ಗೊಂದಲವಿಲ್ಲ.

ಎಬಿಟಿಎಸ್‌ನ ಡೈಅಮೋನಿಯಂ ಲವಣ 19.2 ಮಿಲಿಗ್ರಾಂ ತೂಗಿ 5 ಮಿಲಿಲೀಟರ್ ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ. ಇದು 7 ಮಿಲಿಮೋಲಾರ್. ಬೇರೆಯಾಗಿ 378 ಮಿಲಿಗ್ರಾಂ ಪೊಟ್ಯಾಸಿಯಂ ಪರ್ಸಲ್ಫೇಟನ್ನು 10 ಮಿಲಿಲೀಟರ್ ನೀರಿನಲ್ಲಿ ಕರಗಿಸಿದರೆ 140 ಮಿಲಿಮೋಲಾರ್ ಆಗುತ್ತದೆ. ಇದರಿಂದ 88 ಮೈಕ್ರೋಲೀಟರ್ ತೆಗೆದು ಎಬಿಟಿಎಸ್‌ಗೆ ಸೇರಿಸಿ. ಪರ್ಸಲ್ಫೇಟ್ ಸಾರತೆ ಸುಮಾರು 2.45 ಮಿಲಿಮೋಲಾರ್‌ಗೆ ಬಂದು ನಿಲ್ಲುತ್ತದೆ. ಅಲ್ಯುಮಿನಿಯಂ ಹಾಳೆ ಸುತ್ತಿ ಕತ್ತಲಲ್ಲಿಡಿ. 12ರಿಂದ 16 ಗಂಟೆ ಬೇಕು. ಕಾಲೇಜು ಬಿಡುವ ಹೊತ್ತಿಗೆ ಬೆರೆಸಿಟ್ಟರೆ ಮಾರನೆಯ ದಿನ ಮೊದಲ ತರಗತಿಯ ವೇಳೆಗೆ ಸಿದ್ಧ. ಆಮೇಲೆ ಕತ್ತಲಲ್ಲೇ ಇಟ್ಟರೆ ಎರಡು ದಿನ ಬಾಳುತ್ತದೆ.

2.45 ಏಕೆ? ಒಂದು ಪರ್ಸಲ್ಫೇಟ್ ಅಯಾನು ಎರಡು ಎಲೆಕ್ಟ್ರಾನುಗಳನ್ನು ಕಿತ್ತುಕೊಂಡು ಎರಡು ಸಲ್ಫೇಟ್ ಆಗುತ್ತದೆ. ಎಬಿಟಿಎಸ್ ಅಣು ಒಂಟಿ ಎಲೆಕ್ಟ್ರಾನ್ ಹೊತ್ತ ಹಸಿರು ರ‍್ಯಾಡಿಕಲ್ ಆಗಲು ಕಳೆದುಕೊಳ್ಳಬೇಕಾದದ್ದು ಒಂದೇ ಎಲೆಕ್ಟ್ರಾನ್. ಹಾಗಾಗಿ 2.45ರಿಂದ ಹುಟ್ಟುವ ರ‍್ಯಾಡಿಕಲ್ 4.9 ಮಿಲಿಮೋಲಾರ್, ಉಳಿದ 2.1ರಷ್ಟು ಎಬಿಟಿಎಸ್ ಹಾಗೆಯೇ ಇರುತ್ತದೆ. ಪೂರ್ತಿ ಎಬಿಟಿಎಸ್ ತಿರುಗಿಸಲು 3.5 ಬೇಕಿತ್ತು, ಬೇಕೆಂದೇ ಕಡಿಮೆ ಹಾಕಿದ್ದೇವೆ. ಉತ್ಕರ್ಷಕ ಕೊನೆಯ ಕಣದವರೆಗೆ ಖರ್ಚಾಗಬೇಕು ಎಂಬುದು ಉದ್ದೇಶ. ಅದು ಉಳಿದುಬಿಟ್ಟರೆ ನಾಳೆ ನಿಮ್ಮ ಮಾದರಿಯನ್ನೇ ತಿನ್ನುತ್ತದೆ, ಅಡಗಿದ ಬಣ್ಣವನ್ನು ಮತ್ತೆ ಎಬ್ಬಿಸುತ್ತದೆ.

ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಒಂದು ಮಳೆಗಾಲ ತಕ್ಕಡಿಯ ಸೊನ್ನೆ ಸರಿಯುತ್ತಿದ್ದುದನ್ನು ಗಮನಿಸದೆ ಪರ್ಸಲ್ಫೇಟ್ ಹೆಚ್ಚು ತೂಗಿಬಿಟ್ಟಿದ್ದೆ. ಇಳಿದ ಅಬ್ಸಾರ್ಬೆನ್ಸ್ (ದ್ರಾವಣ ಬೆಳಕು ಹೀರುವ ಪ್ರಮಾಣ) ಐದು ನಿಮಿಷ ಬಿಟ್ಟು ಮತ್ತೆ ಏರತೊಡಗಿತು. ಎರಡು ದಿನ ವಿದ್ಯಾರ್ಥಿನಿಯ ಪಿಪೆಟ್ ಹಿಡಿಯುವ ಕೈಯನ್ನು ದೂರಿದ ಮೇಲೆ ತಪ್ಪು ನನ್ನದೆಂದು ಗೊತ್ತಾಯಿತು. ನಿಮ್ಮ ಸಂಖ್ಯೆಗಳು ಹೀಗೆ ಇಳಿದು ಏರಿದರೆ ಮೊದಲು ಪರ್ಸಲ್ಫೇಟ್ ತೂಕ ನೋಡಿ.

ಬೆಳಿಗ್ಗೆ ಆ ಗಾಢ ದ್ರಾವಣವನ್ನು ಪಿಎಚ್ 7.4ರ ಫಾಸ್ಫೇಟ್ ಬಫರಿನಲ್ಲಿ ತೆಳುವಾಗಿಸಿ, 734 ನ್ಯಾನೊಮೀಟರಿನಲ್ಲಿ ಅಬ್ಸಾರ್ಬೆನ್ಸ್ 0.70ಕ್ಕೆ ತನ್ನಿ, 0.02 ಆಚೀಚೆಯಾದರೆ ಅಡ್ಡಿಯಿಲ್ಲ. ಸುಮಾರು ನೂರು ಪಟ್ಟು ತೆಳುವಾಗಿಸಬೇಕಾಗುತ್ತದೆ. 734ರಲ್ಲಿ ಈ ರ‍್ಯಾಡಿಕಲ್‌ನ ಮೋಲಾರ್ ಅಬ್ಸಾರ್ಬೆನ್ಸ್ ಸುಮಾರು 15,000, ಅಂದರೆ 0.70 ಎಂದರೆ ಸುಮಾರು 47 ಮೈಕ್ರೋಮೋಲಾರ್. ಇಪ್ಪತ್ತು ಪಟ್ಟಿಗೇ 0.70 ಬಂದುಬಿಟ್ಟರೆ ರಾತ್ರಿಯ ಕ್ರಿಯೆ ಪೂರ್ತಿಯಾಗಿಲ್ಲ ಅಥವಾ ಪರ್ಸಲ್ಫೇಟ್ ಹಳೆಯದಾಗಿದೆ.

ಹೆಜ್ಜೆ 3: ಹಸಿರನ್ನು ಎರಡು ಬಗೆಯಲ್ಲಿ ಕಳೆದು ನೋಡಿ

ಈ ಹೆಜ್ಜೆ ಯಾವ ವಿಧಾನದ ಹಾಳೆಯಲ್ಲೂ ನನಗೆ ಸಿಕ್ಕಿಲ್ಲ, ಆದರೆ ನಮ್ಮಲ್ಲಿ ಇದು ಕಡ್ಡಾಯ. ತೆಳು ಹಸಿರನ್ನು ಮೂರು ಪ್ರನಾಳಗಳಿಗೆ ಮೂರು ಮಿಲಿಲೀಟರಿನಂತೆ ಹಾಕಿ. ಮೊದಲನೆಯದಕ್ಕೆ ಆಸ್ಕಾರ್ಬಿಕ್ ಆಮ್ಲದ ತೆಳು ದ್ರಾವಣವನ್ನು ಬಣ್ಣ ಹೋಗುವಷ್ಟೇ ಬಿಡಿ, ಒಂದು ಹನಿಯೂ ಹೆಚ್ಚು ಬೇಡ. ಕಣ್ಣು ಮಿಟುಕಿಸುವಷ್ಟರಲ್ಲಿ ತಿಳಿಯಾಗುತ್ತದೆ. ಎರಡನೆಯದಕ್ಕೆ ಬ್ಲೀಚ್ ಹನಿಸಿ. ಉಳಿದಿದ್ದ ಎಬಿಟಿಎಸ್ ಕೂಡ ಉತ್ಕರ್ಷಣಗೊಂಡು ಮೊದಲು ಹಸಿರು ಗಾಢವಾಗಬಹುದು, ಹನಿಗಳು ಹೆಚ್ಚಾದಂತೆ ಬಣ್ಣವೇ ಹೋಗುತ್ತದೆ. ಮೂರನೆಯದನ್ನು ಮುಟ್ಟಬೇಡಿ.

ಮೊದಲ ಎರಡಕ್ಕೂ ನಿನ್ನೆಯ ಪರ್ಸಲ್ಫೇಟ್ ದ್ರಾವಣವನ್ನು 0.3 ಮಿಲಿಲೀಟರಿನಂತೆ ಸೇರಿಸಿ ಕಾಯಿರಿ. ಮೊದಲನೆಯದು ಮೆಲ್ಲಗೆ ಹಸಿರಿಗೆ ಮರಳುತ್ತದೆ, ಎರಡನೆಯದು ಮರಳುವುದಿಲ್ಲ. ವಿಟಮಿನ್ ಸಿ ಬಣ್ಣವನ್ನು ಅಡಗಿಸಿತ್ತು, ಬ್ಲೀಚ್ ಅಳಿಸಿತ್ತು. ಶೇಕಡಾ 98 ಬಣ್ಣ ಇಳಿಯಿತು ಎಂದು ಯಂತ್ರ ಎರಡಕ್ಕೂ ಒಂದೇ ಅಂಕ ಕೊಡುತ್ತಿತ್ತು. ಬಣ್ಣ ಇಳಿದದ್ದನ್ನೇ ಆಂಟಿಆಕ್ಸಿಡೆಂಟ್ ಎಂದು ಬರೆದರೆ ಬ್ಲೀಚಿಗೂ ಪ್ರಮಾಣಪತ್ರ ಕೊಟ್ಟಂತೆ!

ಹೆಜ್ಜೆ 4: ಅಳತೆಗೋಲು

ಟ್ರೋಲಾಕ್ಸ್ ಎಂಬುದು ವಿಟಮಿನ್ ಇ ಮಾದರಿಯಲ್ಲಿ ತಯಾರಿಸಿದ ಕೃತಕ ವಸ್ತು. ಒಂದು ಟ್ರೋಲಾಕ್ಸ್ ಅಣು ಎರಡು ರ‍್ಯಾಡಿಕಲ್‌ಗಳನ್ನು ಅಡಗಿಸುತ್ತದೆ. 6.3 ಮಿಲಿಗ್ರಾಂ ಟ್ರೋಲಾಕ್ಸನ್ನು 10 ಮಿಲಿಲೀಟರ್ ಎಥನಾಲಿನಲ್ಲಿ ಕರಗಿಸಿದರೆ 2.5 ಮಿಲಿಮೋಲಾರ್. ಅದರಿಂದ 0.25, 0.5, 1.0, 1.5 ಮಿಲಿಮೋಲಾರ್ ದ್ರಾವಣಗಳನ್ನು ಮಾಡಿಕೊಳ್ಳಿ. 1 ಮಿಲಿಲೀಟರ್ ಹಸಿರಿಗೆ 10 ಮೈಕ್ರೋಲೀಟರ್ ಸೇರಿಸಿ, ಒಂದನೆಯ ಮತ್ತು ಆರನೆಯ ನಿಮಿಷದಲ್ಲಿ ಓದಿ. ಕ್ಯುವೆಟ್ (ಯಂತ್ರದೊಳಗೆ ಇಡುವ ಪುಟ್ಟ ಪಾರದರ್ಶಕ ಪಾತ್ರೆ) ದೊಡ್ಡದಾದರೆ 3 ಮಿಲಿಲೀಟರಿಗೆ 30 ಮೈಕ್ರೋಲೀಟರ್. ಕ್ಯುವೆಟ್ಟಿನೊಳಗೆ ಇವು ಸುಮಾರು 2.5, 5, 10, 15 ಮೈಕ್ರೋಮೋಲಾರ್ ಆಗಿರುತ್ತವೆ. ಬರೀ 10 ಮೈಕ್ರೋಲೀಟರ್ ಎಥನಾಲ್ ಹಾಕಿದ ಇನ್ನೊಂದು ಪ್ರನಾಳವೂ ಇರಲಿ. ಅದರ ಅಬ್ಸಾರ್ಬೆನ್ಸಿನಿಂದ ಉಳಿದವುಗಳದನ್ನು ಕಳೆದು ಇಳಿಕೆಯ ಲೆಕ್ಕ ಹಾಕಬೇಕು.

ಗೆರೆ ಎಳೆಯುವ ಮುನ್ನವೇ ಉತ್ತರ ಏನು ಬರಬೇಕೆಂದು ಹೇಳಬಹುದು. 1 ಮೈಕ್ರೋಮೋಲಾರ್ ಟ್ರೋಲಾಕ್ಸ್ 2 ಮೈಕ್ರೋಮೋಲಾರ್ ರ‍್ಯಾಡಿಕಲ್ ಅಡಗಿಸಿದರೆ ಅಬ್ಸಾರ್ಬೆನ್ಸ್ 0.03 ಇಳಿಯಬೇಕು. 10ಕ್ಕೆ 0.30. ನಿಮ್ಮ ಗೆರೆ ಇದರ ಹತ್ತಿರವಿಲ್ಲದಿದ್ದರೆ ಮಾದರಿಯ ಕಡೆ ಹೋಗಬೇಡಿ. ಪಿಪೆಟ್, ತೂಕ, ಕ್ಯುವೆಟ್ ಇವುಗಳನ್ನು ಮೊದಲು ಸರಿಮಾಡಿ. ಟ್ರೋಲಾಕ್ಸ್ ದುಬಾರಿ ಎನ್ನಿಸಿದರೆ ಶುದ್ಧ ಆಸ್ಕಾರ್ಬಿಕ್ ಆಮ್ಲ ಆಗುತ್ತದೆ, ಅದೂ ಎರಡು ಎಲೆಕ್ಟ್ರಾನ್ ಕೊಡುವಂಥದ್ದೇ. ಆದರೆ ಆಯಾ ದಿನವೇ ಕರಗಿಸಬೇಕು.

ಹೆಜ್ಜೆ 5: ಈಗ ಮುರುಗಲು, ಚೊಗರು

ಒಣ ಮುರುಗಲು ಸಿಪ್ಪೆ 1 ಗ್ರಾಂ ಪುಡಿಮಾಡಿ 50 ಮಿಲಿಲೀಟರ್ ನೀರಿನಲ್ಲಿ ನೆನೆಸಿ ಸೋಸಿ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆ ಬೇಡ. ಗ್ರಾಮಿನ ಲೆಕ್ಕದಲ್ಲಿ ಉಪ್ಪನ್ನೂ ತೂಗಿದಂತಾಗುತ್ತದೆ. ಸೋಸಿದ್ದನ್ನು ಐದು, ಹತ್ತು, ಇಪ್ಪತ್ತು ಪಟ್ಟು ತೆಳುವಾಗಿಸಿ, ಬಣ್ಣ ಶೇಕಡಾ 20ರಿಂದ 80ರೊಳಗೆ ಇಳಿಯುವುದನ್ನು ಆರಿಸಿಕೊಳ್ಳಿ. ಪೂರ್ತಿ ತಿಳಿಯಾದ ಕ್ಯುವೆಟ್ಟಿನಿಂದ ಏನೂ ತಿಳಿಯುವುದಿಲ್ಲ. ಹತ್ತು ಪಟ್ಟು ಹೆಚ್ಚು ಹಾಕಿದರೂ ಅದು ಅಷ್ಟೇ ತಿಳಿಯಾಗಿರುತ್ತದೆ.

ಲೆಕ್ಕ ಹೀಗೆ. ಐದು ಪಟ್ಟು ತೆಳುವಾಗಿಸಿದ ರಸಕ್ಕೆ 0.24 ಇಳಿಯಿತು ಎಂದು ಕಲ್ಪಿಸಿಕೊಳ್ಳೋಣ. 0.24ನ್ನು 0.03ರಿಂದ ಭಾಗಿಸಿದರೆ ಕ್ಯುವೆಟ್ಟಿನಲ್ಲಿ 8 ಮೈಕ್ರೋಮೋಲಾರ್ ಟ್ರೋಲಾಕ್ಸಿಗೆ ಸಮ. ಕ್ಯುವೆಟ್ಟಿನಲ್ಲಿ ರಸ 101 ಪಟ್ಟು ತೆಳುವಾಗಿತ್ತು, ಅದಕ್ಕೂ ಮುಂಚೆ 5 ಪಟ್ಟು. ಗುಣಿಸಿದರೆ 4,040 ಮೈಕ್ರೋಮೋಲಾರ್. 50 ಮಿಲಿಲೀಟರಿನಲ್ಲಿ 202 ಮೈಕ್ರೋಮೋಲ್. ಸಿಪ್ಪೆ 1 ಗ್ರಾಂ ಇದ್ದುದರಿಂದ ಗ್ರಾಮಿಗೆ 202. ಇದು ಲೆಕ್ಕದ ರೂಢಿಗೆ ಕಟ್ಟಿದ ಸಂಖ್ಯೆ, ನಿಮ್ಮ ವರದಿಗೆ ನಕಲು ಮಾಡಬೇಡಿ.

ಚೊಗರಿನ ಕಥೆ ಬೇರೆ. ಅದು ಒಗರು ಕೊಡುವ ಟ್ಯಾನಿನ್‌ಗಳ ಗಣಿ, ನೂರಾರು ಪಟ್ಟು ತೆಳುವಾಗಿಸದೆ ಕ್ಯುವೆಟ್ಟಿಗೆ ತರುವಂತೆಯೇ ಇಲ್ಲ. ವಿಟಮಿನ್ ಸಿ ಕ್ಷಣದಲ್ಲಿ ಕೊಡಬೇಕಾದದ್ದನ್ನು ಕೊಟ್ಟು ಕೈತೊಳೆದುಕೊಂಡರೆ, ದೊಡ್ಡ ಟ್ಯಾನಿನ್ ಅಣುಗಳು ಹಳೆಯ ಸಾಲಗಾರರ ಹಾಗೆ ಕಂತುಕಂತಾಗಿ ಕೊಡುತ್ತವೆ. ಆರನೆಯ ನಿಮಿಷದ ಅಂಕಕ್ಕೂ ಮೂವತ್ತನೆಯ ನಿಮಿಷದ ಅಂಕಕ್ಕೂ ಸಂಬಂಧವೇ ಇಲ್ಲದಂತೆ ಕಾಣಬಹುದು. ಆದ್ದರಿಂದ 1, 3, 6, 15, 30 ನಿಮಿಷಗಳಲ್ಲಿ ಓದಿ ಗೆರೆ ಎಳೆಯಿರಿ. ಆರು ನಿಮಿಷ ಎಂಬುದು ನಮ್ಮ ಅನುಕೂಲಕ್ಕೆ ಮಾಡಿಕೊಂಡ ಒಪ್ಪಂದ, ಅಡಿಕೆಗೆ ಆ ಒಪ್ಪಂದ ಗೊತ್ತಿಲ್ಲ.

ಹೆಜ್ಜೆ 6: ಡಿಪಿಪಿಎಚ್, ಮತ್ತು ಮುರುಗಲಿನ ಬಲೆ

ಡಿಪಿಪಿಎಚ್ 1922ರಲ್ಲೇ ತಯಾರಾಗಿತ್ತು; ಅದನ್ನು ಆಂಟಿಆಕ್ಸಿಡೆಂಟ್ ಅಳತೆಗೆ ಬಳಸುವ ಬಗೆಯನ್ನು ಬ್ಲಾಯ್ಸ್ 1958ರಲ್ಲಿ ತೋರಿಸಿದರು. ಸಾರಜನಕದ ಮೇಲೆ ಒಂಟಿ ಎಲೆಕ್ಟ್ರಾನ್ ಹೊತ್ತ ರ‍್ಯಾಡಿಕಲ್ ಇದು. ಸಾಮಾನ್ಯವಾಗಿ ರ‍್ಯಾಡಿಕಲ್‌ಗಳು ಹುಟ್ಟಿದ ಕೂಡಲೇ ಜೋಡಿ ಹುಡುಕಿಕೊಂಡು ಮುಗಿದುಹೋಗುತ್ತವೆ. ಡಿಪಿಪಿಎಚ್ ಸುತ್ತ ದಪ್ಪ ಉಂಗುರಗಳು ಬೇಲಿಯಂತೆ ನಿಂತಿರುವುದರಿಂದ ಎರಡು ಅಣುಗಳು ಹತ್ತಿರ ಬರಲಾರವು. ಒಂಟಿ ಎಲೆಕ್ಟ್ರಾನ್ ಕೂಡ ಉಂಗುರಗಳ ಮೇಲೆ ಹರಡಿಕೊಂಡಿದೆ. ಅದೇ ಬೇಲಿ ದೊಡ್ಡ ಟ್ಯಾನಿನ್‌ಗಳನ್ನೂ ತಡೆಯುತ್ತದೆ. ಚೊಗರಿಗೆ ಇಲ್ಲಿ ಎಬಿಟಿಎಸ್‌ಗಿಂತ ಕಡಿಮೆ ಅಂಕ ಬಂದರೆ ಚೊಗರನ್ನು ಬೈಯಬೇಡಿ.

4 ಮಿಲಿಗ್ರಾಂ ಡಿಪಿಪಿಎಚ್ 100 ಮಿಲಿಲೀಟರ್ ಮೆಥನಾಲಿನಲ್ಲಿ ಕರಗಿಸಿ, ಸುಮಾರು 0.1 ಮಿಲಿಮೋಲಾರ್. 517 ನ್ಯಾನೊಮೀಟರಿನಲ್ಲಿ 1.1ರ ಆಸುಪಾಸು ಓದಬೇಕು. ಮಾದರಿ ಸೇರಿಸಿ ಅರ್ಧ ಗಂಟೆ ಕತ್ತಲಲ್ಲಿಟ್ಟು ಓದುವುದು ವಾಡಿಕೆ. ನೀರು ಅರ್ಧಕ್ಕಿಂತ ಹೆಚ್ಚಾದರೆ ಡಿಪಿಪಿಎಚ್ ಒತ್ತರಿಸಿ ದ್ರಾವಣ ಕದಡುತ್ತದೆ. ಮೆಥನಾಲ್ ವಿಷ, ಕಿಟಕಿ ತೆರೆದಿರಲಿ, ಬಾಯಿಯಿಂದ ಪಿಪೆಟ್ ಎಳೆಯುವ ಹಳೆಯ ಚಾಳಿ ಬೇಡವೇ ಬೇಡ.

ಬಲೆ ಇರುವುದು 517ರಲ್ಲಿ. ಮುರುಗಲಿನ ಕೆಂಪು ಆಂಥೊಸಯಾನಿನ್‌ನದು, ಅದು ಬೆಳಕು ಹೀರುವುದೂ ಸರಿಸುಮಾರು ಅಲ್ಲೇ. ಡಿಪಿಪಿಎಚ್ ನೇರಳೆ ಇಳಿದರೂ ಮುರುಗಲಿನ ಕೆಂಪು ಅದರ ಜಾಗದಲ್ಲಿ ಕುಳಿತಿರುತ್ತದೆ, ಯಂತ್ರ ಎರಡನ್ನೂ ಕೂಡಿಸಿ ತೋರಿಸುತ್ತದೆ. ಆಗ ಮುರುಗಲು ದುರ್ಬಲ ಎಂಬ ತೀರ್ಮಾನ ಹೊರಬೀಳುತ್ತದೆ. ಪರಿಹಾರ ಸುಲಭ: ಡಿಪಿಪಿಎಚ್ ಇಲ್ಲದೆ ಮೆಥನಾಲ್ ಮತ್ತು ಅಷ್ಟೇ ಮುರುಗಲು ಹಾಕಿದ ಬ್ಲ್ಯಾಂಕ್ ಓದಿ ಕಳೆಯಿರಿ. ಇನ್ನೊಂದು ಸೂಕ್ಷ್ಮವೂ ಇದೆ. ಮೆಥನಾಲಿನಲ್ಲಿ ಅನೇಕ ಫಿನಾಲ್‌ಗಳು ಮೊದಲು ಪ್ರೋಟಾನ್ ಬಿಟ್ಟು ಆಮೇಲೆ ಎಲೆಕ್ಟ್ರಾನ್ ಕೊಡುತ್ತವೆ. ಆಮ್ಲವಿದ್ದರೆ ಆ ದಾರಿ ಮುಚ್ಚಿಕೊಂಡು ಕ್ರಿಯೆ ನಿಧಾನವಾಗುತ್ತದೆ. ಮುರುಗಲು ಹುಳಿ ತನ್ನ ಕೆಲಸಕ್ಕೆ ತಾನೇ ಅಡ್ಡಗಾಲು. ಬಫರಿನಲ್ಲಿ, 734ರಲ್ಲಿ ಓದುವ ಎಬಿಟಿಎಸ್‌ಗೆ ಈ ಎರಡೂ ತೊಂದರೆ ಇಲ್ಲ. ಒಂದೇ ಪರೀಕ್ಷೆಗೆ ಹಣವಿದ್ದರೆ ನಾನು ಅದನ್ನೇ ಆರಿಸುತ್ತೇನೆ.

ಬಲಿಪಶು ಬಣ್ಣಗಳ ಬಗ್ಗೆ ಸ್ವಲ್ಪ

ಫ್ಲೋರೆಸೀನ್ ಪರೀಕ್ಷೆಗೆ ಪ್ರತಿದೀಪ್ತಿ ಅಳೆಯುವ ಯಂತ್ರ ಬೇಕು, ಹಾಗಾಗಿ ಹೆಚ್ಚಿನ ಕಾಲೇಜುಗಳಲ್ಲಿ ಇದು ನಡೆಯುವುದಿಲ್ಲ. ತತ್ವ ಮಾತ್ರ ತಿಳಿದಿರಲಿ. ಎಎಪಿಎಚ್ ಎಂಬ ವಸ್ತು 37 ಡಿಗ್ರಿಯಲ್ಲಿ ಸಾರಜನಕ ಬಿಟ್ಟು ಒಡೆದು, ಆಮ್ಲಜನಕ ಹಿಡಿದು, ಪೆರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಒಂದೇ ವೇಗದಲ್ಲಿ ಹುಟ್ಟಿಸುತ್ತಾ ಹೋಗುತ್ತದೆ. ಅವು ಫ್ಲೋರೆಸೀನನ್ನು ಅಳಿಸುತ್ತವೆ. ಮಾದರಿ ಇರುವಷ್ಟು ಹೊತ್ತು ಹೊಳಪು ಉಳಿದು, ಮಾದರಿ ಖರ್ಚಾದ ಮೇಲೆ ಕುಸಿಯುತ್ತದೆ. ಆ ಗೆರೆಯ ಕೆಳಗಿನ ವಿಸ್ತೀರ್ಣವೇ ಉತ್ತರ. ಓರಾಕ್ ಎಂಬ ಹೆಸರಿನ ಪರೀಕ್ಷೆ ಇದೇ. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಓರಾಕ್ ಪಟ್ಟಿಯನ್ನು 2012ರಲ್ಲಿ ಹಿಂತೆಗೆದುಕೊಂಡಿತು. ಪ್ರನಾಳದ ಅಂಕವನ್ನು ದೇಹದ ಆರೋಗ್ಯದ ಅಂಕವೆಂದು ಜಾಹೀರಾತುಗಳು ಮಾರತೊಡಗಿದ್ದವು. ಹೊಸನಗರದ ಮುರುಗಲು ಶರಬತ್ತಿನ ಬಾಟಲಿಗೂ ಅಂಥ ಚೀಟಿ ಅಂಟಿಸುವ ಆಸೆ ಯಾರಿಗಾದರೂ ಇದ್ದರೆ ಈಗಲೇ ಬಿಡಬಹುದು.

ಮಲೆನಾಡಿನಲ್ಲಿ ಕೈಕೊಡುವ ಸಂಗತಿಗಳು

ಬಾವಿ ನೀರು ಬಳಸಬೇಡಿ. ನಮ್ಮ ಕೆಂಪು ಮಣ್ಣಿನ ನೀರಿನಲ್ಲಿ ಕಬ್ಬಿಣ ಇದ್ದರೆ, ಪೆರಾಕ್ಸೈಡ್ ಇರುವ ಯಾವ ಪ್ರಯೋಗದಲ್ಲೂ ಅದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸಿ ಬಣ್ಣವನ್ನು ಅಳಿಸುತ್ತದೆ. ತಾಮ್ರದ ಹಂಡೆಯ ನೀರಂತೂ ಆಸ್ಕಾರ್ಬಿಕ್ ಆಮ್ಲದ ಶತ್ರು. ತಾಮ್ರದ ಲವಲೇಶವೂ ಅದನ್ನು ಗಾಳಿಯಲ್ಲಿ ಬೇಗ ಕೆಡಿಸುತ್ತದೆ.

ಜುಲೈ ತಿಂಗಳಲ್ಲಿ ಫ್ರಿಜ್ಜಿನಿಂದ ತೆಗೆದ ದ್ರಾವಣವನ್ನು ಹಾಗೆಯೇ ಕ್ಯುವೆಟ್ಟಿಗೆ ಹಾಕಿದರೆ ಹೊರಗೋಡೆಗೆ ಹನಿ ಕಟ್ಟಿ ಅಬ್ಸಾರ್ಬೆನ್ಸ್ ಸುಳ್ಳೇ ಏರುತ್ತದೆ. ಕೋಣೆಯ ಉಷ್ಣತೆಗೆ ಬರಲಿ, ಒರೆಸಿ, ಓದಿ. ಡಬ್ಬಿಗಳನ್ನೂ ತಣ್ಣಗಿರುವಾಗ ತೆರೆಯಬೇಡಿ, ಒಳಗೆ ತೇವ ಸೇರುತ್ತದೆ. ಕರೆಂಟು ಹೋಗಿ ಬಂದರೆ ದೀಪ ಬಿಸಿಯಾಗಲು ಅರ್ಧ ಗಂಟೆ ಬಿಟ್ಟು ಬ್ಲ್ಯಾಂಕ್ ಮತ್ತೆ ಓದಿ.

ಸ್ಪೆಕ್ಟ್ರೋಫೋಟೋಮೀಟರ್ ಇಲ್ಲದ ಶಾಲೆಗಳು ಕಲರಿಮೀಟರ್ ಬಳಸಬಹುದು: ಡಿಪಿಪಿಎಚ್‌ಗೆ 520ರ ಹತ್ತಿರದ ಫಿಲ್ಟರ್, ಎಬಿಟಿಎಸ್‌ಗೆ 640ರ ಆಸುಪಾಸಿನದು, ಏಕೆಂದರೆ ಅದಕ್ಕೆ 645ರಲ್ಲೂ ಒಂದು ಶಿಖರವಿದೆ. ಮೊಬೈಲ್ ಕ್ಯಾಮೆರಾದಲ್ಲೂ ಹೋಲಿಸಿ ನೋಡಬಹುದು. ಬಿಳಿ ಹಾಳೆಯ ಮುಂದೆ ಒಂದೇ ಬೆಳಕಿನಲ್ಲಿ ಫೋಟೊ ತೆಗೆದು ಡಿಪಿಪಿಎಚ್‌ಗೆ ಚಿತ್ರದ ಹಸಿರು ಅಂಕ, ಎಬಿಟಿಎಸ್‌ಗೆ ಕೆಂಪು ಅಂಕ ಗಮನಿಸಿ. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಹೇಳಲು ಸಾಕು, ಮೈಕ್ರೋಮೋಲ್ ಬರೆಯಲು ಸಾಲದು.

ವರದಿಯಲ್ಲಿ ಬಣ್ಣದ ಹೆಸರು, ತರಂಗಾಂತರ, ದ್ರಾವಕ, ಉಷ್ಣತೆ, ಎಷ್ಟನೆಯ ನಿಮಿಷ, ಯಾವುದಕ್ಕೆ ಹೋಲಿಸಿ ಅಂಕ ಎಂಬುದೆಲ್ಲ ಒಂದೇ ಸಾಲಿನಲ್ಲಿ ಇರಲಿ. ಮೆಥನಾಲ್ ಇರುವ ತ್ಯಾಜ್ಯ ಸಿಂಕಿಗೆ ಹೋಗಬಾರದು. ಚೀಟಿ ಅಂಟಿಸಿದ ಸೀಸೆಯಲ್ಲಿ ಕೂಡಿಡಿ. ಉಳಿದ ಎಬಿಟಿಎಸ್ ಹಸಿರಿಗೆ ಅರ್ಧ ನಿಂಬೆಹಣ್ಣು ಹಿಂಡಿದರೆ ತಿಳಿಯಾಗುತ್ತದೆ. ಅಡಗಿದೆಯೇ ಹೊರತು ಅಳಿದಿಲ್ಲ, ಆದ್ದರಿಂದ ಅದನ್ನೂ ಬೇರೆ ಸೀಸೆಗೇ ಹಾಕಿ, ಬ್ಲೀಚ್ ಇರುವ ಸೀಸೆಯಿಂದ ದೂರವಿಡಿ.